ಭೀಮಾ ತೀರದ ಜಾನುವಾರು ಸಂತೆ: ಬಾಯಿಮಾತಿನ ವ್ಯವಹಾರಕ್ಕೆ ಸಂಘದ ಬಲ

ಕಲಬುರಗಿ ಜಿಲ್ಲೆಯ ಅಫಜಲಪುರ, ಆಳಂದ ಮತ್ತು ಜೇವರ್ಗಿ ತಾಲ್ಲೂಕುಗಳಲ್ಲಿ ರೈತನ ಮನೆಯ ಎತ್ತು, ಎಮ್ಮೆ, ಕುರಿ, ಆಡುಗಳು ಕೇವಲ ಸಾಕುಪ್ರಾಣಿಗಳಲ್ಲ. ಮಗಳ ಮದುವೆ, ಆಸ್ಪತ್ರೆಯ ಖರ್ಚು, ಬೀಜ-ಗೊಬ್ಬರದ ಸಾಲ ಇವೆಲ್ಲಕ್ಕೂ ಒದಗುವ ಜೀವಂತ ಠೇವಣಿಗಳು. ಈ ಠೇವಣಿ ನಗದಾಗುವ ಸ್ಥಳವೇ ವಾರದ ಸಂತೆ. ಅಲ್ಲಿ ಒಂದು ದಿನ ಬೆಲೆ ಕುಸಿದರೆ, ಇಲ್ಲವೇ ಸಂತೆಯೇ ರದ್ದಾದರೆ, ಅದರ ಪೆಟ್ಟು ನೇರವಾಗಿ ಕುಟುಂಬದ ಮೇಲೆ ಬೀಳುತ್ತದೆ.

ಇಷ್ಟು ಮಹತ್ವವಿದ್ದರೂ ಜಾನುವಾರು ವ್ಯಾಪಾರ ಇಂದಿಗೂ ಬಹುಮಟ್ಟಿಗೆ ಬಾಯಿಮಾತಿನ ಮೇಲೆಯೇ ನಡೆಯುತ್ತದೆ. ತೊಗರಿ ಮಾರುವ ರೈತನಿಗೆ ಎಪಿಎಂಸಿ ಪ್ರಾಂಗಣವಿದೆ, ತಕ್ಕಡಿಯಿದೆ, ಲೆಕ್ಕಚೀಟಿಯಿದೆ, 2014ರಿಂದೀಚೆಗೆ ರಾಜ್ಯದ ಏಕೀಕೃತ ಮಾರುಕಟ್ಟೆ ವೇದಿಕೆಯ ಆನ್‌ಲೈನ್ ಟೆಂಡರ್ ಇದೆ. ಅದೇ ರೈತ ಒಂದು ಜೊತೆ ಎತ್ತು ಹೊಡೆದುಕೊಂಡು ಸಂತೆಗೆ ಬಂದರೆ ಅವನ ಕೈಗೆ ಸಿಗುವುದು ನೋಟಿನ ಕಂತೆ ಮಾತ್ರ. ಕಾಗದದ ಚೂರೂ ಇರುವುದಿಲ್ಲ. ಈ ಅಂತರವನ್ನು ತುಂಬಲು ಸಂತೆಯ ವ್ಯಾಪಾರಿಗಳು ಹಾಗೂ ಸಾಕಣೆದಾರರು ಸಂಘಟಿತರಾಗುವುದು ಏಕೆ ಅಗತ್ಯ, ಅದಕ್ಕೆ ಕಾನೂನಿನಲ್ಲಿ ಯಾವ ದಾರಿಗಳಿವೆ, ಎದುರಾಗುವ ತೊಡಕುಗಳೇನು ಎಂಬುದರ ಸ್ಥೂಲ ಪರಿಚಯ ಇಲ್ಲಿದೆ.

ಮೂರು ತಾಲ್ಲೂಕುಗಳ ಹಿನ್ನೆಲೆ

ಅಫಜಲಪುರ ಮತ್ತು ಜೇವರ್ಗಿ ಭೀಮಾ ನದಿಯ ತಾಲ್ಲೂಕುಗಳು. ಆಳಂದದ ಕಡೆಯಿಂದ ಹರಿದು ಬರುವ ಅಮರ್ಜಾ ನದಿಯು ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ಬಳಿ ಭೀಮೆಯನ್ನು ಸೇರುತ್ತದೆ. ಅಫಜಲಪುರ ಮತ್ತು ಆಳಂದಗಳ ಗಡಿಯಾಚೆಗೆ ಮಹಾರಾಷ್ಟ್ರದ ಅಕ್ಕಲಕೋಟೆ ತಾಲ್ಲೂಕಿದೆ. ಪಶ್ಚಿಮಕ್ಕೆ ವಿಜಯಪುರ ಜಿಲ್ಲೆ. ಹೀಗಾಗಿ ಇಲ್ಲಿನ ಜಾನುವಾರು ವ್ಯಾಪಾರಕ್ಕೆ ಎರಡು ರಾಜ್ಯಗಳ ಗಿರಾಕಿಗಳೂ ಉಂಟು, ಎರಡು ರಾಜ್ಯಗಳ ಕಾಯ್ದೆಗಳ ಕಾಟವೂ ಉಂಟು.

ಕಪ್ಪು ಮಣ್ಣಿನ ಈ ನೆಲದಲ್ಲಿ ಮುಂಗಾರಿಗೆ ತೊಗರಿ, ಹಿಂಗಾರಿಗೆ ಬಿಳಿಜೋಳ ಮುಖ್ಯ. ನದಿ ದಂಡೆಯ ನೀರಾವರಿ ಪ್ರದೇಶದಲ್ಲಿ ಕಬ್ಬು ಬೆಳೆಯುತ್ತದೆ. ಜೋಳದ ಕಣಿಕೆ, ತೊಗರಿ ಹೊಟ್ಟು ಮತ್ತು ಕಬ್ಬಿನ ಸೋಗೆಗಳೇ ಮೇವಿನ ಆಧಾರ. ಬೆಳೆ ಕೈಕೊಟ್ಟ ವರ್ಷ ಮೇವೂ ಕೈಕೊಡುತ್ತದೆ. ಆಗ ಮಾರುವವರು ಹೆಚ್ಚಿ, ಕೊಳ್ಳುವವರು ಕಡಿಮೆಯಾಗುತ್ತಾರೆ.

ತಳಿಗಳ ದೃಷ್ಟಿಯಿಂದಲೂ ಇದು ಸಂಗಮ ಪ್ರದೇಶ. ಬೀದರ್ ಮತ್ತು ಲಾತೂರು ಭಾಗದ ದೇವಣಿ, ವಿಜಯಪುರ ಮತ್ತು ಸೊಲ್ಲಾಪುರ ಭಾಗದ ಖಿಲಾರಿ ಹೋರಿಗಳು, ಕೊಂಬು ಬೆನ್ನಿನುದ್ದಕ್ಕೂ ಚಾಚಿದ ಪಂಢರಪುರಿ ಎಮ್ಮೆ, ಅವಳಿ ಮರಿಗಳಿಗೆ ಹೆಸರಾದ ಉಸ್ಮಾನಾಬಾದಿ ಆಡು, ಕಂಬಳಿಯ ಉಣ್ಣೆ ಕೊಡುವ ದಖನಿ ಕುರಿ ಇವೆಲ್ಲವುಗಳ ತವರು ಈ ಭಾಗದ ಸುತ್ತಲಿನ ಜಿಲ್ಲೆಗಳೇ. ಕುರಿಗಾರರು ಬೇಸಿಗೆಯಲ್ಲಿ ಹಿಂಡಿನೊಡನೆ ಊರೂರು ಸುತ್ತುತ್ತಾರೆ. ಖಾಲಿ ಹೊಲಗಳಲ್ಲಿ ರಾತ್ರಿ ಕುರಿ ನಿಲ್ಲಿಸಿದ್ದಕ್ಕೆ ಪ್ರತಿಯಾಗಿ ರೈತರಿಂದ ಕಾಳುಕಡಿ ಇಲ್ಲವೇ ಹಣ ಪಡೆಯುತ್ತಾರೆ. ಇಂಥ ಅಲೆಮಾರಿ ಸಾಕಣೆದಾರನಿಗೆ ದಾರಿಯಲ್ಲಿ ಸಿಗುವ ಸಂತೆಯೇ ಬ್ಯಾಂಕು.

2019ರ 20ನೇ ಜಾನುವಾರು ಗಣತಿಯ ಪ್ರಕಾರ ರಾಜ್ಯದಲ್ಲಿ ಸುಮಾರು 84.69 ಲಕ್ಷ ದನಗಳು, 29.8 ಲಕ್ಷ ಎಮ್ಮೆ-ಕೋಣಗಳು, 1.1 ಕೋಟಿ ಕುರಿಗಳು ಮತ್ತು 61.7 ಲಕ್ಷ ಆಡುಗಳಿದ್ದವು. ಕುರಿಗಳ ಸಂಖ್ಯೆಯಲ್ಲಿ ತೆಲಂಗಾಣ ಮತ್ತು ಆಂಧ್ರಪ್ರದೇಶಗಳ ನಂತರ ಕರ್ನಾಟಕಕ್ಕೆ ದೇಶದಲ್ಲಿ ಮೂರನೆಯ ಸ್ಥಾನ ದೊರಕಿತ್ತು. ಇಷ್ಟು ದೊಡ್ಡ ಸಂಪತ್ತಿನ ಕೊಳ್ಳುಕೊಡುಗೆ ಬಹುಪಾಲು ಸಂತೆ ಮತ್ತು ಜಾತ್ರೆಗಳಲ್ಲಿಯೇ ನಡೆಯುತ್ತದೆ.

ಸಂತೆಯ ರೂಢಿಗಳು

ಜಾನುವಾರು ಮಾರಾಟಕ್ಕೆ ಎರಡು ಬಗೆಯ ತಾಣಗಳಿವೆ. ಒಂದು ವಾರದ ಸಂತೆ. ಇನ್ನೊಂದು ವರ್ಷಕ್ಕೊಮ್ಮೆ ದೇವರ ಜಾತ್ರೆಯೊಡನೆ ಕೂಡುವ ದನದ ಜಾತ್ರೆ. ಸಂಕ್ರಾಂತಿಯ ಹೊತ್ತಿಗೆ ಸೊಲ್ಲಾಪುರ ಮತ್ತು ವಿಜಯಪುರಗಳ ಸಿದ್ಧೇಶ್ವರ ಜಾತ್ರೆಗಳಲ್ಲಿ ಸೇರುವ ಜಾನುವಾರುಗಳಿಗೆ ಭೀಮಾ ತೀರದ ರೈತರೂ ಗಿರಾಕಿಗಳು. ಕುರಿ ವ್ಯಾಪಾರಕ್ಕೆ ಬಾಗಲಕೋಟೆ ಜಿಲ್ಲೆಯ ಅಮೀನಗಡ, ಕೆರೂರು ಹಾಗೂ ತುಮಕೂರು ಜಿಲ್ಲೆಯ ಶಿರಾ ಸಂತೆಗಳು ರಾಜ್ಯದಲ್ಲಿ ಹೆಸರಾಗಿವೆ.

ಎತ್ತಿನ ವ್ಯಾಪಾರದಲ್ಲಿ ಮೊದಲು ನೋಡುವುದು ಹಲ್ಲು. ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು ಎಂಬ ಎಣಿಕೆಯೇ ವಯಸ್ಸಿನ ದಾಖಲೆ. ಬಳಿಕ ಸುಳಿ, ಗೊರಸು, ಕೊಂಬು, ನಡಿಗೆ ನೋಡುತ್ತಾರೆ. ನೊಗಕ್ಕೆ ಹೂಡಿ, ನಾಲ್ಕು ಹೆಜ್ಜೆ ಎಳೆಸಿ ನೋಡುವುದೂ ಉಂಟು. ಎಮ್ಮೆಯಾದರೆ ಕೆಚ್ಚಲು ಮತ್ತು ಹಾಲಿನ ಅಳತೆ. ಕುರಿ-ಆಡುಗಳಿಗೆ ಬೆನ್ನಿನ ಮೇಲೆ ಕೈಯಾಡಿಸಿ ಮಾಂಸದ ತೂಕ ಅಂದಾಜು ಮಾಡುವ ಕೈಯಳತೆಯೇ ಪ್ರಮಾಣ.

ಬೆಲೆಯ ಚೌಕಾಸಿ ನಡೆಸುವವನು ದಲ್ಲಾಳಿ. ಹೆಗಲ ಮೇಲಿನ ವಸ್ತ್ರವನ್ನು ಕೈ ಮೇಲೆ ಹೊದಿಸಿ, ಅದರ ಮರೆಯಲ್ಲಿ ಬೆರಳುಗಳನ್ನು ಹಿಡಿದು ಬೆಲೆ ಸೂಚಿಸುವ ಪದ್ಧತಿ ಹಳೆಯದು. ಪಕ್ಕದಲ್ಲಿ ನಿಂತವನಿಗೂ ಆ ಬೆಲೆ ತಿಳಿಯುವುದಿಲ್ಲ. ಒಪ್ಪಿಗೆಯಾದರೆ ಸಂಚಕಾರ ಕೊಟ್ಟು ಹಗ್ಗ ಕೈ ಬದಲಾಗುತ್ತದೆ. ಉಳಿದ ಹಣ ಆಗಲೇ ಸಿಗಬಹುದು, ಮುಂದಿನ ಸಂತೆಗೆ ಉದ್ರಿಯಾಗಿಯೂ ಉಳಿಯಬಹುದು.

ಈ ರೂಢಿಗೆ ತನ್ನದೇ ಆದ ಸತ್ವವಿದೆ. ಜಾತಿ-ಮತಗಳನ್ನು ಮೀರಿದ ಪರಿಚಯ, ಕೊಟ್ಟ ಮಾತಿಗೆ ನಡೆದುಕೊಳ್ಳುವ ಮರ್ಯಾದೆ, ವ್ಯಾಜ್ಯ ಬಂದರೆ ಹಿರಿಯರ ನಡುವೆ ಕೂತು ಬಗೆಹರಿಸಿಕೊಳ್ಳುವ ಅಭ್ಯಾಸ ಇವೇ ತಲೆಮಾರುಗಳಿಂದ ಸಂತೆಯನ್ನು ನಡೆಸಿಕೊಂಡು ಬಂದಿವೆ. ಆದರೆ ದೋಷಗಳೂ ಅಷ್ಟೇ ಸ್ಪಷ್ಟ. ಗುಟ್ಟಿನ ಬೆಲೆಯಿಂದ ಲಾಭ ಪಡೆಯುವವನು ಹೆಚ್ಚು ಸಂತೆ ಕಂಡವನು. ವರ್ಷಕ್ಕೊಮ್ಮೆ ಮಾರಲು ಬರುವ ರೈತನಿಗೆ ಪಕ್ಕದ ಎತ್ತು ಎಷ್ಟಕ್ಕೆ ಹೋಯಿತೆಂಬುದೇ ಗೊತ್ತಿರುವುದಿಲ್ಲ. ಉದ್ರಿ ಮುಳುಗಿದರೆ ಕೇಳಲು ಆಧಾರವಿರುವುದಿಲ್ಲ.

ಕೈಯಳತೆಯ ಒಂದು ಲೆಕ್ಕವನ್ನೇ ನೋಡಬಹುದು. ಟಗರಿನ ಜೀವತೂಕದಲ್ಲಿ ಮಾಂಸವಾಗಿ ದೊರೆಯುವುದು ಸುಮಾರು ಅರ್ಧದಷ್ಟು. 30 ಕಿಲೋ ತೂಗುವ ಟಗರನ್ನು 26 ಕಿಲೋ ಎಂದು ಅಂದಾಜು ಮಾಡಿದರೆ ಮಾರುವವನು ಕಳೆದುಕೊಳ್ಳುವುದು ಹತ್ತಿರ ಹತ್ತಿರ 2 ಕಿಲೋ ಮಾಂಸದ ಬೆಲೆ. ಹತ್ತು ಟಗರು ಮಾರಿದವನಿಗೆ ಇದು ಒಂದು ಟಗರಿಗಿಂತ ಹೆಚ್ಚಿನ ನಷ್ಟ. ಸಂತೆಯಲ್ಲಿ ಒಂದು ತೂಕದ ಯಂತ್ರವಿದ್ದರೆ ಈ ನಷ್ಟ ತಪ್ಪುತ್ತದೆ. ಆದರೆ ಯಂತ್ರವನ್ನು ತರುವವರು, ಕಾಯುವವರು, ದುರಸ್ತಿ ಮಾಡಿಸುವವರು ಯಾರು? ಸಂಘದ ಅಗತ್ಯ ಮೊಳೆಯುವುದು ಇಂಥ ಸಣ್ಣ ಪ್ರಶ್ನೆಗಳಿಂದಲೇ.

ಸಂತೆ ಯಾರ ಅಧೀನ?

ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಈ ಭಾಗ 1956ರ ನವೆಂಬರ್ 1ರಂದು ಅಂದಿನ ಮೈಸೂರು ರಾಜ್ಯದಲ್ಲಿ ವಿಲೀನವಾಯಿತು. ಬೇರೆ ಬೇರೆ ಪ್ರಾಂತಗಳಲ್ಲಿ ಜಾರಿಯಲ್ಲಿದ್ದ ಮಾರುಕಟ್ಟೆ ಕಾನೂನುಗಳ ಬದಲಿಗೆ ಇಡೀ ರಾಜ್ಯಕ್ಕೆ ಅನ್ವಯಿಸುವ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆ ರೂಪುಗೊಂಡದ್ದು 1966ರಲ್ಲಿ. ಈ ಕಾಯ್ದೆಯ ಅನುಸೂಚಿಯಲ್ಲಿ ದವಸಧಾನ್ಯಗಳ ಜೊತೆಗೆ ದನ, ಕುರಿ, ಆಡುಗಳೂ ಸೇರಿವೆ. ಅಂದರೆ ಜಾನುವಾರುಗಳಿಗೂ ನಿಯಂತ್ರಿತ ಮಾರುಕಟ್ಟೆ ಒದಗಿಸುವ ಅಧಿಕಾರ ಎಪಿಎಂಸಿಗಿದೆ. ಕೇಂದ್ರ ಸರ್ಕಾರವು 2017ರಲ್ಲಿ ರಾಜ್ಯಗಳಿಗೆ ಕಳುಹಿಸಿದ ಮಾದರಿ ಕಾಯ್ದೆಯ ಹೆಸರಿನಲ್ಲಿಯೇ ಕೃಷಿ ಉತ್ಪನ್ನದೊಂದಿಗೆ ಜಾನುವಾರು ಎಂಬ ಪದವೂ ಸೇರಿತು.

ಇನ್ನೊಂದೆಡೆ ಹಳ್ಳಿಯ ಸಂತೆ ಗ್ರಾಮ ಪಂಚಾಯಿತಿಯ ಅಧೀನ. ಪಟ್ಟಣದ ಸಂತೆ ಪುರಸಭೆಯ ಅಧೀನ. ಸಂತೆ ಶುಲ್ಕ ಅಥವಾ ತೈಬಜಾರಿ ವಸೂಲಿಯ ಹಕ್ಕನ್ನು ವರ್ಷಕ್ಕೊಮ್ಮೆ ಹರಾಜು ಹಾಕುವುದು ರಾಜ್ಯದಾದ್ಯಂತ ಕಂಡುಬರುವ ಪದ್ಧತಿ. ಹರಾಜು ಹಿಡಿದ ಗುತ್ತಿಗೆದಾರನಿಗೆ ಬೇಕಾದದ್ದು ತಲೆಗಿಷ್ಟು ಶುಲ್ಕ. ಕುಡಿಯುವ ನೀರಿನ ತೊಟ್ಟಿ, ನೆರಳು, ಲಾರಿಗೆ ದನ ಹತ್ತಿಸುವ ದಿಬ್ಬ, ಬೆಳಕು ಇವು ಅವನ ಹೊಣೆಯಲ್ಲ. ಪಂಚಾಯಿತಿಯ ಲೆಕ್ಕದಲ್ಲಿ ಸಂತೆಯ ಹಣ ಸಾಮಾನ್ಯ ನಿಧಿಗೆ ಸೇರಿಹೋಗುತ್ತದೆ. ಹೀಗೆ ಸಂತೆಗೆ ಹಕ್ಕುದಾರರು ಹಲವರಿದ್ದರೂ ಹೊಣೆಗಾರರು ಇಲ್ಲದಂತಾಗುತ್ತದೆ.

ಕಾಯ್ದೆ ಮತ್ತು ಸಾಗಣೆ

ವ್ಯಾಪಾರಿಗಳನ್ನು ಹೆಚ್ಚು ಕಾಡುವುದು ಸಾಗಣೆ. ಕರ್ನಾಟಕ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆ 2020, ಹಳೆಯ 1964ರ ಕಾಯ್ದೆಯ ಸ್ಥಾನದಲ್ಲಿ ಬಂದಿತು. ಸುಗ್ರೀವಾಜ್ಞೆಯ ಮೂಲಕ ಅದು 2021ರ ಜನವರಿಯಲ್ಲಿ ಜಾರಿಗೊಂಡಿತು. ಆಕಳು, ಕರು, ಹೋರಿ, ಎತ್ತುಗಳು ಯಾವ ವಯಸ್ಸಿನವಾದರೂ ಹಾಗೂ 13 ವರ್ಷದೊಳಗಿನ ಎಮ್ಮೆ-ಕೋಣಗಳು ಇದರ ವ್ಯಾಪ್ತಿಗೆ ಬರುತ್ತವೆ. ಅಪರಾಧಕ್ಕೆ 3ರಿಂದ 7 ವರ್ಷಗಳವರೆಗೆ ಜೈಲು ಹಾಗೂ 50 ಸಾವಿರ ರೂಪಾಯಿಯಿಂದ ಆರಂಭವಾಗುವ ದಂಡವನ್ನು ಕಾಯ್ದೆ ವಿಧಿಸುತ್ತದೆ. 1964ರ ಕಾಯ್ದೆಯಲ್ಲಿ 12 ವರ್ಷ ಮೀರಿದ ಅಥವಾ ದುಡಿಮೆಗೆ ಬಾರದ ಎತ್ತುಗಳ ವಿಷಯದಲ್ಲಿದ್ದ ಸಡಿಲಿಕೆ ಈಗಿಲ್ಲ. ಗಡಿಯಾಚೆಯ ಮಹಾರಾಷ್ಟ್ರದಲ್ಲಿ ಹೋರಿ ಮತ್ತು ಎತ್ತುಗಳ ಹತ್ಯೆಗೂ 2015ರಿಂದ ನಿಷೇಧವಿದೆ. ಕುರಿ, ಆಡುಗಳು ಈ ಎರಡೂ ಕಾಯ್ದೆಗಳ ಹೊರಗಿವೆ.

ಉಳುಮೆ ಮತ್ತು ಹೈನುಗಾರಿಕೆಗಾಗಿ ಜಾನುವಾರು ಸಾಗಿಸುವುದು ಅಪರಾಧವಲ್ಲ. ಆದರೆ ಉದ್ದೇಶ ಅದೇ ಎಂದು ರಸ್ತೆಯಲ್ಲಿ ನಿಂತು ತೋರಿಸಿಕೊಡಬೇಕಾದವನು ಸಾಗಿಸುವವನು. ಜೊತೆಗೆ 1978ರ ಪ್ರಾಣಿ ಸಾಗಣೆ ನಿಯಮಗಳ ಪ್ರಕಾರ ಪಶುವೈದ್ಯರ ಪ್ರಮಾಣಪತ್ರ ಬೇಕು. ಮೋಟಾರು ವಾಹನ ನಿಯಮಗಳಿಗೆ ಆದ ತಿದ್ದುಪಡಿಯಂತೆ 2016ರಿಂದ ಜಾನುವಾರು ವಾಹನದಲ್ಲಿ ಪ್ರತಿ ದನ ಅಥವಾ ಎಮ್ಮೆಗೆ 2 ಚದರ ಮೀಟರ್, ಪ್ರತಿ ಕುರಿ ಅಥವಾ ಆಡಿಗೆ 0.3 ಚದರ ಮೀಟರ್ ಸ್ಥಳ ಬಿಟ್ಟು ಅಡ್ಡಗಟ್ಟು ಹಾಕಿಸಬೇಕು. ಒಂದು ಜೊತೆ ಎತ್ತನ್ನು ಬಾಡಿಗೆ ವಾಹನದಲ್ಲಿ ಊರಿಗೆ ಒಯ್ಯುವ ರೈತನಿಗೆ ಇವುಗಳ ಅರಿವು ಇರುವುದು ವಿರಳ.

2017ರ ಮೇ 23ರಂದು ಕೇಂದ್ರ ಸರ್ಕಾರ ಹೊರಡಿಸಿದ ಜಾನುವಾರು ಮಾರುಕಟ್ಟೆ ನಿಯಮಗಳು ದೇಶವ್ಯಾಪಿ ಚರ್ಚೆಗೆ ಕಾರಣವಾಗಿದ್ದವು. ಸಂತೆಯಲ್ಲಿ ಹತ್ಯೆಗಾಗಿ ದನ ಮಾರುವುದನ್ನು ನಿಷೇಧಿಸಿದ್ದ ಆ ನಿಯಮಗಳಿಗೆ ಮದ್ರಾಸ್ ಹೈಕೋರ್ಟಿನ ಮದುರೈ ಪೀಠ ತಡೆ ನೀಡಿತು. ಅದೇ ವರ್ಷದ ಜುಲೈನಲ್ಲಿ ಸುಪ್ರೀಂ ಕೋರ್ಟ್ ಆ ತಡೆಯನ್ನು ಇಡೀ ದೇಶಕ್ಕೆ ವಿಸ್ತರಿಸಿತು. ನಿಯಮಗಳು ನಿಂತರೂ ಅವು ಎತ್ತಿದ್ದ ಒಂದು ಪ್ರಶ್ನೆ ಉಳಿದುಕೊಂಡಿತು: ಸಂತೆಯಲ್ಲಿ ಕೊಂಡವರು ಯಾರು, ಮಾರಿದವರು ಯಾರು ಎಂಬ ದಾಖಲೆಯನ್ನು ಇಡುವವರು ಯಾರು?

ಈ ದಾಖಲೆ ಇಲ್ಲದ ಕಾರಣಕ್ಕೆ ಪ್ರಾಮಾಣಿಕ ವ್ಯಾಪಾರಿಯೂ ತನಿಖಾ ಠಾಣೆಯಲ್ಲಿ ತಲೆ ತಗ್ಗಿಸಿ ನಿಲ್ಲಬೇಕಾಗುತ್ತದೆ. ಕಾನೂನಿನ ಅಧಿಕಾರವಿಲ್ಲದವರು ವಾಹನ ತಡೆದಾಗಲೂ ಅವನ ಕೈಯಲ್ಲಿ ತೋರಿಸಲು ಏನೂ ಇರುವುದಿಲ್ಲ. ಇದರ ಪರಿಣಾಮವಾಗಿ ಹೊರ ಊರಿನ ಗಿರಾಕಿಗಳು ಬರಲು ಹಿಂಜರಿಯುತ್ತಾರೆ. ಗಿರಾಕಿ ಕಡಿಮೆಯಾದರೆ ಬೆಲೆ ಇಳಿಯುತ್ತದೆ. ಆ ಇಳಿಕೆಯನ್ನು ಕಟ್ಟಕಡೆಗೆ ಹೊರುವವನು ಮಾರಲು ಬಂದ ರೈತ.

ರೋಗ, ಬರ, ನೆರೆ

ಸಂತೆ ರದ್ದಾಗುವ ಸಂದರ್ಭಗಳು ಇತ್ತೀಚಿನ ವರ್ಷಗಳಲ್ಲಿ ಹೆಚ್ಚಿವೆ. 2013ರಲ್ಲಿ ಕಾಲುಬಾಯಿ ರೋಗ, 2020ರಲ್ಲಿ ಕೊರೊನಾ, 2022ರಲ್ಲಿ ಚರ್ಮಗಂಟು ರೋಗ ಹೀಗೆ ಒಂದರ ಹಿಂದೆ ಒಂದು ಬಂದವು. ಚರ್ಮಗಂಟು ರೋಗ ಹರಡಿದಾಗ ರಾಜ್ಯದ ಹಲವು ಜಿಲ್ಲೆಗಳಲ್ಲಿ ದನದ ಸಂತೆ, ಜಾತ್ರೆ ಹಾಗೂ ಸಾಗಣೆಯನ್ನು ಜಿಲ್ಲಾಡಳಿತಗಳು ನಿಷೇಧಿಸಿದ್ದವು. ಸತ್ತ ಆಕಳಿಗೆ 20 ಸಾವಿರ, ಎತ್ತಿಗೆ 30 ಸಾವಿರ, ಕರುವಿಗೆ 5 ಸಾವಿರ ರೂಪಾಯಿ ಪರಿಹಾರವನ್ನು ಸರ್ಕಾರ ಘೋಷಿಸಿತು. ಬದುಕುಳಿದರೂ ಮಾರಲಾಗದೆ ಮೇವು ಹಾಕುತ್ತ ಕುಳಿತವರ ನಷ್ಟಕ್ಕೆ ಅಂಥ ಲೆಕ್ಕ ಇರಲಿಲ್ಲ.

ರೋಗ ತಡೆಗೆ ಸಂತೆ ಮುಚ್ಚುವುದು ಅನಿವಾರ್ಯವಾಗಬಹುದು. 2009ರ ಸಾಂಕ್ರಾಮಿಕ ಪಶುರೋಗ ನಿಯಂತ್ರಣ ಕಾಯ್ದೆ ಆ ಅಧಿಕಾರವನ್ನು ಆಡಳಿತಕ್ಕೆ ಕೊಟ್ಟಿದೆ. ಆದರೆ ಮುಚ್ಚುವ ಆದೇಶದಷ್ಟೇ ಮತ್ತೆ ತೆರೆಯುವ ಷರತ್ತುಗಳೂ ಸ್ಪಷ್ಟವಾಗಿರಬೇಕು. ಲಸಿಕೆ ಹಾಕಿಸಿದ, ಕಿವಿಯೋಲೆಯ 12 ಅಂಕಿಗಳ ಗುರುತಿನ ಸಂಖ್ಯೆ ಇರುವ ಜಾನುವಾರುಗಳಿಗಷ್ಟೇ ಪ್ರವೇಶ ಎಂಬಂಥ ವ್ಯವಸ್ಥೆಯನ್ನು ಗೇಟಿನಲ್ಲಿ ನಿಂತು ನಡೆಸುವ ಸ್ಥಳೀಯ ಸಂಸ್ಥೆ ಇದ್ದರೆ ಸಂತೆಯನ್ನು ಬೇಗ ತೆರೆಯಬಹುದು. ಕಾಲುಬಾಯಿ ರೋಗ ಮತ್ತು ಬ್ರುಸೆಲ್ಲೋಸಿಸ್ ವಿರುದ್ಧದ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮ 2019ರಲ್ಲಿ ಆರಂಭವಾದ ಮೇಲೆ ಈ ಕಿವಿಯೋಲೆ ಹಳ್ಳಿಗಳಲ್ಲಿ ಪರಿಚಿತವಾಗಿದೆ. ಕುರಿ-ಆಡುಗಳಿಗೆ ಹಿರೇಬೇನೆ ಲಸಿಕೆಯೂ ಲಭ್ಯವಿದೆ.

ಪ್ರಕೃತಿಯ ಮುನಿಸು ಇನ್ನೊಂದು. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿ ಹರಿದು, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ನದಿ ದಂಡೆಯ ಗ್ರಾಮಗಳ ಜನ ಜಾನುವಾರುಗಳೊಂದಿಗೆ ಎತ್ತರದ ಸ್ಥಳಗಳಿಗೆ ಹೋಗಬೇಕಾಯಿತು. ಮೂರು ವರ್ಷಗಳ ಬಳಿಕ, 2023ರಲ್ಲಿ, ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಯಿತು. ನೆರೆ ಬಂದರೆ ಕಣಿಕೆಯ ಬಣವೆ ಕೊಚ್ಚಿಹೋಗುತ್ತದೆ. ಬರ ಬಂದರೆ ಬಣವೆಯೇ ಏಳುವುದಿಲ್ಲ. ಎರಡರಲ್ಲೂ ರೈತನಿಗೆ ಉಳಿಯುವ ದಾರಿ ಸಿಕ್ಕ ಬೆಲೆಗೆ ಮಾರುವುದು.

ಸಂಘಟನೆಗೆ ಇರುವ ದಾರಿಗಳು

ಕಾನೂನುಬದ್ಧವಾಗಿ ಸಂಘ ಕಟ್ಟಿಕೊಳ್ಳಲು ಹಲವು ಮಾರ್ಗಗಳಿವೆ. ಪ್ರತಿಯೊಂದಕ್ಕೂ ಅದರದೇ ಗುಣ ಮತ್ತು ಮಿತಿಗಳಿವೆ.

ಮೊದಲನೆಯದು, ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರಡಿ ನೋಂದಾಯಿಸುವ ಸಂಘ. ಏಳು ಮಂದಿ ಸೇರಿದರೆ ಸಾಕು. ಸದಸ್ಯರ ಹಿತರಕ್ಷಣೆ, ವ್ಯಾಜ್ಯ ತೀರ್ಮಾನ, ಆಡಳಿತದೊಡನೆ ಮಾತುಕತೆಗೆ ಇದು ಸೂಕ್ತ. ಆದರೆ ಲಾಭ ಹಂಚಿಕೊಳ್ಳುವ ವ್ಯಾಪಾರಕ್ಕೆ ಇದು ಸಾಧನವಲ್ಲ.

ಎರಡನೆಯದು ಸಹಕಾರ ಸಂಘ. 1959ರ ಸಹಕಾರ ಸಂಘಗಳ ಕಾಯ್ದೆ ಮತ್ತು 1997ರ ಸೌಹಾರ್ದ ಸಹಕಾರಿ ಕಾಯ್ದೆ ಎರಡೂ ಲಭ್ಯ. ಕುರಿ ಸಾಕಣೆದಾರರ ಸಹಕಾರ ಸಂಘಗಳು ರಾಜ್ಯದಲ್ಲಿ ಈಗಾಗಲೇ ಇವೆ. 2022ರಲ್ಲಿ ಪ್ರಕಟವಾದ ಅಮೃತ ಸ್ವಾಭಿಮಾನಿ ಕುರಿಗಾಹಿ ಯೋಜನೆಯಡಿ 20 ಕುರಿ ಮತ್ತು ಒಂದು ಟಗರಿನ ಘಟಕವನ್ನು ನೀಡಲು ಸರ್ಕಾರ ಆರಿಸಿಕೊಂಡದ್ದು ಇಂಥ ಸಂಘಗಳ ಸದಸ್ಯರನ್ನೇ. ಸರ್ಕಾರದ ನೆರವು ಬೇಕೆಂದರೆ ಸಂಘದ ಸದಸ್ಯತ್ವ ಎಷ್ಟು ಉಪಯುಕ್ತವೆಂಬುದಕ್ಕೆ ಇದು ನಿದರ್ಶನ.

ಮೂರನೆಯದು ಉತ್ಪಾದಕರ ಕಂಪನಿ. 2002ರಲ್ಲಿ ಕಂಪನಿ ಕಾಯ್ದೆಗೆ ಸೇರಿದ ಈ ವ್ಯವಸ್ಥೆಯಲ್ಲಿ ಹತ್ತು ಮಂದಿ ಉತ್ಪಾದಕರು ಸೇರಿ ಕಂಪನಿ ರಚಿಸಬಹುದು. 2020ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ 10 ಸಾವಿರ ರೈತ ಉತ್ಪಾದಕ ಸಂಸ್ಥೆಗಳ ಯೋಜನೆ ಇದಕ್ಕೆ ಒತ್ತು ಕೊಟ್ಟಿತು. ಗಮನಿಸಬೇಕಾದ ಅಂಶವೆಂದರೆ ಇದು ಸಾಕಣೆದಾರರಿಗೆ ಮೀಸಲಾದ ದಾರಿ. ಕೇವಲ ಕೊಂಡು ಮಾರುವ ವ್ಯಾಪಾರಿ ಇದರ ಸದಸ್ಯನಾಗಲಾರ.

ಹೀಗಾಗಿ ಸಂತೆಯ ಮಟ್ಟದಲ್ಲಿ ಎರಡು ಹಂತದ ಸಂಘಟನೆ ಹೊಂದುತ್ತದೆ. ಸಾಕಣೆದಾರರಿಗೆ ಸಹಕಾರ ಸಂಘ ಅಥವಾ ಕಂಪನಿ, ವ್ಯಾಪಾರಿ ಮತ್ತು ದಲ್ಲಾಳಿಗಳಿಗೆ ನೋಂದಾಯಿತ ಸಂಘ, ಇಬ್ಬರ ಪ್ರತಿನಿಧಿಗಳೂ ಪಂಚಾಯಿತಿ, ಎಪಿಎಂಸಿ ಮತ್ತು ಪಶುಸಂಗೋಪನಾ ಇಲಾಖೆಯವರೂ ಕೂಡುವ ಸಂತೆ ಸಮಿತಿ. ಹೀಗಿದ್ದರೆ ಒಂದು ಗುಂಪಿನ ಹಿತ ಇನ್ನೊಂದು ಗುಂಪಿನ ನಷ್ಟವಾಗುವುದನ್ನು ತಡೆಯಬಹುದು.

ಸಂಘ ಮಾಡಬಹುದಾದ ಕೆಲಸಗಳು

ಮೊಟ್ಟಮೊದಲ ಕೆಲಸ ಮಾರಾಟ ಚೀಟಿ. ಮಾರಿದವರ ಮತ್ತು ಕೊಂಡವರ ಹೆಸರು, ಊರು, ಜಾನುವಾರಿನ ತಳಿ, ಬಣ್ಣ, ಹಲ್ಲು, ಕಿವಿಯೋಲೆಯ ಸಂಖ್ಯೆ, ಬೆಲೆ, ಕೊಂಡ ಉದ್ದೇಶ ಇಷ್ಟನ್ನು ಮೂರು ಪ್ರತಿಗಳಲ್ಲಿ ಬರೆದು, ಒಂದನ್ನು ಸಂಘದ ಕಡತದಲ್ಲಿಟ್ಟರೆ ಸಾಗಣೆಯ ಅರ್ಧ ತೊಂದರೆ ನೀಗುತ್ತದೆ. ಜಾನುವಾರು ಕಳುವಾದರೆ ಪತ್ತೆಗೂ ಅದೇ ಆಧಾರ. 1930ರ ಸರಕು ಮಾರಾಟ ಕಾಯ್ದೆಯ ದೃಷ್ಟಿಯಲ್ಲಿ ಜಾನುವಾರು ಕೂಡ ಚರ ಸ್ವತ್ತು. ಲಿಖಿತ ಆಧಾರವಿದ್ದರೆ ಉದ್ರಿಯ ವಸೂಲಿಗೆ ನ್ಯಾಯಾಲಯದ ಬಾಗಿಲೂ ತೆರೆದಿರುತ್ತದೆ.

ಎರಡನೆಯದು ಬೆಲೆ ಫಲಕ. ವಸ್ತ್ರದ ಮರೆಯ ಚೌಕಾಸಿಯನ್ನು ಒಮ್ಮೆಲೇ ನಿಲ್ಲಿಸಲಾಗದು, ನಿಲ್ಲಿಸಬೇಕೆಂದೂ ಇಲ್ಲ. ಆದರೆ ಹಿಂದಿನ ಸಂತೆಯಲ್ಲಿ ಯಾವ ಬಗೆಯ ಎತ್ತು, ಎಮ್ಮೆ, ಟಗರು ಕನಿಷ್ಠ ಎಷ್ಟಕ್ಕೆ, ಗರಿಷ್ಠ ಎಷ್ಟಕ್ಕೆ ಹೋಯಿತೆಂಬುದನ್ನು ಹಲಗೆಯ ಮೇಲೆ ಬರೆದರೆ ಹೊಸಬನಿಗೂ ಅಂದಾಜು ಸಿಗುತ್ತದೆ. ಚೀಟಿಯಿದ್ದರೆ ಫಲಕಕ್ಕೆ ಮಾಹಿತಿ ತಾನಾಗಿಯೇ ದೊರೆಯುತ್ತದೆ.

ಮೂರನೆಯದು ದಲ್ಲಾಳಿಗಳ ನೋಂದಣಿ. ಗುರುತಿನ ಚೀಟಿ, ಗೊತ್ತುಪಡಿಸಿದ ದಲಾಲಿ, ಸಂಘದಲ್ಲಿ ಇಟ್ಟ ಠೇವಣಿ ಈ ಮೂರು ಇದ್ದಲ್ಲಿ ಮೋಸಕ್ಕೆ ಕಡಿವಾಣ ಬೀಳುತ್ತದೆ. ಉದ್ರಿ ಕೊಡಿಸಿದ ದಲ್ಲಾಳಿಯೇ ಅದಕ್ಕೆ ಹೊಣೆ ಎಂಬ ನಿಯಮ ಮಾಡಿದರೆ ಉದ್ರಿಯೂ ಮಿತಿಯಲ್ಲಿರುತ್ತದೆ.

ನಾಲ್ಕನೆಯದು ಸೌಕರ್ಯ. ನೀರಿನ ತೊಟ್ಟಿ, ನೆರಳಿನ ಚಪ್ಪರ, ದನ ಹತ್ತಿಸುವ ದಿಬ್ಬ, ತೂಕದ ಯಂತ್ರ, ಸೋಂಕು ತಗುಲಿದ ದನಗಳನ್ನು ಬೇರೆ ಕಟ್ಟುವ ಸ್ಥಳ, ಹೆಣ್ಣುಮಕ್ಕಳಿಗೆ ಶೌಚಾಲಯ ಇವೆಲ್ಲ ದೊಡ್ಡ ಬಂಡವಾಳದ ಕೆಲಸಗಳಲ್ಲ. ವಸೂಲಾದ ಶುಲ್ಕದಲ್ಲಿ ಇಷ್ಟು ಭಾಗ ಸಂತೆಗೇ ಖರ್ಚಾಗಬೇಕೆಂದು ಪಂಚಾಯಿತಿಯನ್ನು ಒಪ್ಪಿಸುವ ದನಿ ಬೇಕು. ಒಂಟಿ ರೈತನ ದನಿ ಅಲ್ಲಿಗೆ ಮುಟ್ಟುವುದಿಲ್ಲ.

ಐದನೆಯದು ಸಾಗಣೆಯ ನೆರವು. ಸಂತೆಯ ದಿನ ಪಶುವೈದ್ಯರು ಸ್ಥಳದಲ್ಲಿಯೇ ಇದ್ದು ಪ್ರಮಾಣಪತ್ರ ನೀಡುವಂತೆ ಇಲಾಖೆಯೊಡನೆ ಏರ್ಪಾಡು ಮಾಡುವುದು, ನಿಯಮಕ್ಕೆ ತಕ್ಕಂತೆ ಅಡ್ಡಗಟ್ಟು ಇರುವ ವಾಹನಗಳ ಪಟ್ಟಿ ಇಡುವುದು, ಮಾರಾಟ ಚೀಟಿಯ ಮಾದರಿಯನ್ನು ಪೊಲೀಸ್ ಇಲಾಖೆಗೆ ಮೊದಲೇ ಪರಿಚಯಿಸುವುದು ಇವು ಸಂಘಕ್ಕಷ್ಟೇ ಸಾಧ್ಯವಾಗುವ ಕೆಲಸಗಳು.

ಕೊನೆಯದಾಗಿ, ಪರಿಹಾರ ಮತ್ತು ವಿಮೆಯ ಮಾಹಿತಿ. ಆಕಸ್ಮಿಕವಾಗಿ ಸತ್ತ ಜಾನುವಾರುಗಳಿಗೆ ಪರಿಹಾರ ನೀಡುವ ಅನುಗ್ರಹ ಯೋಜನೆಯನ್ನು ರಾಜ್ಯ ಸರ್ಕಾರ 2023ರಲ್ಲಿ ಮತ್ತೆ ಆರಂಭಿಸಿತು. ಆಗ ಕುರಿ-ಆಡಿಗೆ 5 ಸಾವಿರ, ಆಕಳು, ಎಮ್ಮೆ, ಎತ್ತಿಗೆ 10 ಸಾವಿರ ರೂಪಾಯಿ ಗೊತ್ತುಪಡಿಸಲಾಗಿತ್ತು. ಊರಿಂದೂರಿಗೆ ಅಲೆಯುವ ಕುರಿಗಾರನಿಗೆ ಅರ್ಜಿ ಎಲ್ಲಿ ಕೊಡಬೇಕು, ಯಾರಿಂದ ಪರೀಕ್ಷೆ ಮಾಡಿಸಬೇಕು ಎಂಬುದೇ ತಿಳಿಯದೆ ಇಂಥ ಸೌಲಭ್ಯ ಕೈತಪ್ಪಬಹುದು. ಸಂತೆಯ ಸಂಘದ ಕಚೇರಿ ಆ ಮಾಹಿತಿಯ ಕೇಂದ್ರವಾಗಬಲ್ಲದು.

ಹೊರಗಿನ ಅನುಭವಗಳು

ಸಂತೆಯ ಆಡಳಿತದಲ್ಲಿ ಬಳಕೆದಾರರಿಗೇ ಪಾಲು ಕೊಟ್ಟ ಪ್ರಯೋಗಗಳು ಆಫ್ರಿಕಾ ಖಂಡದ ಪಶುಪಾಲಕ ಪ್ರದೇಶಗಳಲ್ಲಿ ನಡೆದಿವೆ. ಕೆನ್ಯಾ ದೇಶದ ಉತ್ತರ ಭಾಗದ ಸಂಬುರು, ಇಸಿಯೊಲೊ ಮೊದಲಾದ ಒಣ ಪ್ರದೇಶಗಳಲ್ಲಿ ಸ್ಥಳೀಯ ಸರ್ಕಾರ ಮತ್ತು ಜಾನುವಾರು ಮಾರುಕಟ್ಟೆ ಸಂಘಗಳು ಜಂಟಿಯಾಗಿ ಸಂತೆ ನಡೆಸುವ ಪದ್ಧತಿ ಬೆಳೆಯಿತು. ವಸೂಲಾದ ಶುಲ್ಕವನ್ನು ಇಬ್ಬರೂ ಹಂಚಿಕೊಳ್ಳುತ್ತಾರೆ. ಸಂಘದ ಪಾಲು ಬೇಲಿ, ನೀರು, ಭದ್ರತೆಗೆ ಹಾಗೂ ಕೆಲವೆಡೆ ಶಾಲಾ ಮಕ್ಕಳ ನೆರವಿಗೆ ಬಳಕೆಯಾಗುತ್ತದೆ. ಸಂಘದಲ್ಲಿ ವ್ಯಾಪಾರಿ, ದಲ್ಲಾಳಿ, ಸಾಕಣೆದಾರ ಮೂವರಿಗೂ ಸ್ಥಾನವಿರುತ್ತದೆ. ಲೆಕ್ಕ ಸರಿಯಿಲ್ಲದ ಕಡೆ ಈ ಪದ್ಧತಿ ಸೊರಗುತ್ತದೆ ಎಂಬುದೂ ಅಲ್ಲಿನ ಪಾಠ.

ಹತ್ತಿರದ ಉದಾಹರಣೆ ಮಹಾರಾಷ್ಟ್ರದ್ದು. 2025ರಲ್ಲಿ ಅಲ್ಲಿನ ಖುರೇಷಿ ಸಮುದಾಯದ ವ್ಯಾಪಾರಿಗಳು ಸಾಗಣೆಯಲ್ಲಿನ ಕಿರುಕುಳವನ್ನು ಪ್ರತಿಭಟಿಸಿ ಜಾನುವಾರು ಖರೀದಿಯನ್ನೇ ನಿಲ್ಲಿಸಿದರು. ಅನೇಕ ಸಂತೆಗಳಲ್ಲಿ ವಹಿವಾಟು ಕುಸಿದು, ಎಮ್ಮೆ ಮಾರಲಾಗದ ರೈತರೂ ಸಂಕಷ್ಟಕ್ಕೆ ಸಿಲುಕಿದರು. ಕೊಳ್ಳುವವನಿಲ್ಲದೆ ಮಾರುವವನಿಲ್ಲ ಎಂಬ ಸರಳ ಸತ್ಯವನ್ನು ಆ ಘಟನೆ ನೆನಪಿಸಿತು. ವ್ಯಾಪಾರಿ ಮತ್ತು ರೈತ ಒಂದೇ ಹಗ್ಗದ ಎರಡು ತುದಿಗಳು.

ಎಚ್ಚರ ವಹಿಸಬೇಕಾದ ಅಂಶಗಳು

ಸಂಘವೆಂದ ಮಾತ್ರಕ್ಕೆ ಎಲ್ಲವೂ ಒಳಿತೇ ಆಗುವುದಿಲ್ಲ. ನಾಲ್ಕು ಮಂದಿ ದೊಡ್ಡ ವ್ಯಾಪಾರಿಗಳು ಸೇರಿ ಇದಕ್ಕಿಂತ ಹೆಚ್ಚು ಬೆಲೆ ಕೊಡಬಾರದೆಂದು ಒಳಒಪ್ಪಂದ ಮಾಡಿಕೊಂಡರೆ ಸಂಘವೇ ರೈತನ ಕುತ್ತಿಗೆಗೆ ಉರುಳಾಗುತ್ತದೆ. ಹೀಗೆ ಬೆಲೆ ಕಟ್ಟುವುದು 2002ರ ಸ್ಪರ್ಧಾ ಕಾಯ್ದೆಯ ಪ್ರಕಾರ ಕಾನೂನುಬಾಹಿರ. ಬೆಲೆಯನ್ನು ಪ್ರಕಟಿಸುವುದು ಸಂಘದ ಕೆಲಸ; ನಿಗದಿಪಡಿಸುವುದು ಅದರ ಕೆಲಸವಲ್ಲ.

ಎರಡನೆಯ ಅಪಾಯ ಸದಸ್ಯತ್ವದ ಬಾಗಿಲು ಮುಚ್ಚುವುದು. ಒಂದೇ ಜಾತಿ, ಒಂದೇ ಮತ, ಒಂದೇ ಪಕ್ಷದವರ ಕೈಗೆ ಸಂಘ ಸೇರಿದರೆ ಉಳಿದವರಿಗೆ ಅದು ಹೊಸ ಗುತ್ತಿಗೆದಾರನಷ್ಟೇ. ಲಿಂಗಾಯತ ರೈತ, ಕುರುಬ ಕುರಿಗಾರ, ತಾಂಡಾದ ಲಂಬಾಣಿ ಕುಟುಂಬ, ಮುಸ್ಲಿಂ ವ್ಯಾಪಾರಿ ಎಲ್ಲರೂ ಒಂದೇ ಮೈದಾನದಲ್ಲಿ ನಿಲ್ಲುವ ಸಂತೆಯ ಸ್ವಭಾವ ಸಂಘದ ಪಟ್ಟಿಯಲ್ಲಿಯೂ ಕಾಣಬೇಕು. ಮನೆಯಲ್ಲಿ ಆಡು, ಎಮ್ಮೆ ಸಾಕುವವರು ಬಹುಮಟ್ಟಿಗೆ ಮಹಿಳೆಯರು. ಮಾರಾಟದ ಹೊತ್ತಿಗೆ ಅವರು ಸಂತೆಯಲ್ಲಿ ಇರುವುದಿಲ್ಲ. ಸಮಿತಿಯಲ್ಲಿ ಅವರಿಗೆ ಸ್ಥಾನ ಮೀಸಲಿಟ್ಟರೆ ಹಣ ಮನೆ ಸೇರುವ ಭರವಸೆಯೂ ಹೆಚ್ಚುತ್ತದೆ.

ಮೂರನೆಯದು ಲೆಕ್ಕ. ವರ್ಷಕ್ಕೊಮ್ಮೆ ಲೆಕ್ಕ ಪರಿಶೋಧನೆ, ಜಮಾ-ಖರ್ಚಿನ ವಿವರ ಸಂತೆಯ ಹಲಗೆಯ ಮೇಲೆ, ನಿಗದಿತ ಅವಧಿಗೆ ಚುನಾವಣೆ ಈ ಮೂರು ತಪ್ಪಿದರೆ ಎರಡು-ಮೂರು ವರ್ಷಗಳಲ್ಲಿ ಸಂಘ ನಾಮಫಲಕವಾಗಿ ಉಳಿಯುತ್ತದೆ.

ಮುಂದಿನ ದಾರಿ

ಈ ಭಾಗಕ್ಕೆ ಸಂವಿಧಾನದ 371(ಜೆ) ವಿಧಿಯಡಿ ವಿಶೇಷ ಸ್ಥಾನಮಾನ ದೊರೆತಿದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಮೂಲಕ ಅನುದಾನ ಬರುತ್ತದೆ. ರಸ್ತೆ, ಶಾಲಾ ಕೊಠಡಿಗಳ ಜೊತೆಗೆ ಜಾನುವಾರು ಸಂತೆಯ ಮೈದಾನವನ್ನೂ ಮೂಲಸೌಕರ್ಯವೆಂದು ಪರಿಗಣಿಸಲು ಅಡ್ಡಿಯಿಲ್ಲ. ಆದರೆ ಕಟ್ಟಿಸಿಕೊಟ್ಟ ತೊಟ್ಟಿಗೆ ನೀರು ತುಂಬುವವರು, ಕೊಟ್ಟ ತಕ್ಕಡಿಯನ್ನು ಕಾಯುವವರು ಇಲ್ಲದಿದ್ದರೆ ಅನುದಾನ ಮುಂದಿನ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ಆದ್ದರಿಂದ ಮೊದಲು ಸಂಘ, ಆಮೇಲೆ ಕಟ್ಟಡ ಎಂಬ ಕ್ರಮವೇ ಸರಿಯಾದದ್ದು.

ಟ್ರ್ಯಾಕ್ಟರ್ ಬಂದ ಮೇಲೆ ಎತ್ತಿನ ಬೇಡಿಕೆ ಇಳಿದಿರುವುದು ನಿಜ. ಆದರೂ ಕಾರ ಹುಣ್ಣಿಮೆಗೆ ಎತ್ತಿನ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಕರಿ ಹರಿಯುವ ಊರುಗಳಲ್ಲಿ ಜಾನುವಾರಿನ ಜೊತೆಗಿನ ನಂಟು ಇನ್ನೂ ಕಡಿದಿಲ್ಲ. ಎಮ್ಮೆ, ಕುರಿ, ಆಡುಗಳ ವ್ಯಾಪಾರವಂತೂ ಸಣ್ಣ ಹಿಡುವಳಿದಾರರ ಹಾಗೂ ಭೂರಹಿತರ ಪಾಲಿಗೆ ಇಂದಿಗೂ ಕೈಹಿಡಿಯುವ ಆದಾಯ. ಆ ಆದಾಯವು ಸಂತೆಯ ಮೈದಾನದಿಂದ ಮನೆ ಸೇರುವಷ್ಟರಲ್ಲಿ ಸೋರಿಹೋಗದಂತೆ ಕಾಯಬೇಕಿದೆ. ಅದಕ್ಕೆ ಬೇಕಿರುವುದು ಒಂದು ಚೀಟಿ, ಒಂದು ತಕ್ಕಡಿ, ಒಂದು ಬೆಲೆ ಫಲಕ, ಮತ್ತು ಅವುಗಳನ್ನು ಪ್ರತಿ ಸಂತೆಗೂ ತಪ್ಪದೆ ನಡೆಸಿಕೊಂಡು ಹೋಗುವ ನಾಲ್ಕು ಜನರ ಒಕ್ಕೂಟ.